ಹಿತ್ತಲ ಗಿಡವೂ ಮದ್ದೇ



ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ದೂರವಾಣಿ ಮಾಡಿದ್ದ. ಜೈವಿಕ ಔಷಧ ತಯಾರಿಸುವ ಕಂಪನಿಯೊಂದರಲ್ಲಿ ಅವನಿಗೆ ಒಳ್ಳೆಯ ಹುದ್ದೆ. "ಸಾರ್, ಕೇಂದ್ರ ಸರ್ಕಾರದ ಬಯೋ-ಇ3 ನೀತಿ ಓದಿದಿರಾ? ಇನ್ನು ನಮ್ಮದೇ ಕಾಲ" ಎಂದು ಉತ್ಸಾಹದಿಂದ ಹೇಳಿದ. ಅವನ ಮಾತಿಗಾಗಿ ಆ ನೀತಿಯ ವಿವರಗಳನ್ನು ಕನ್ನಡಕ ಏರಿಸಿ ಎರಡು ಬಾರಿ ಓದಿದೆ. ಓದಿದ ಮೇಲೆ ಸುಮ್ಮನಿರಲಾರದೆ ಇದನ್ನು ಬರೆಯುತ್ತಿದ್ದೇನೆ.

2024ರ ಆಗಸ್ಟ್ 24ರಂದು ಕೇಂದ್ರ ಸಚಿವ ಸಂಪುಟ ಈ ನೀತಿಗೆ ಒಪ್ಪಿಗೆ ನೀಡಿತು. ಆರ್ಥಿಕತೆ, ಪರಿಸರ, ಉದ್ಯೋಗ ಎಂಬ ಮೂರನ್ನೂ ಜೈವಿಕ ತಂತ್ರಜ್ಞಾನದಿಂದ ಸಾಧಿಸುವುದು ಅದರ ಆಶಯ. 2030ರ ವೇಳೆಗೆ ದೇಶದ ಜೈವಿಕ ಆರ್ಥಿಕತೆ 300 ಶತಕೋಟಿ ಡಾಲರ್ ತಲುಪಬೇಕೆಂಬುದು ಸರ್ಕಾರದ ಗುರಿ. ಜೈವಿಕ ತಂತ್ರಜ್ಞಾನಕ್ಕಾಗಿಯೇ ಕೇಂದ್ರದಲ್ಲಿ ಪ್ರತ್ಯೇಕ ಇಲಾಖೆ ಹುಟ್ಟಿದ್ದು 1986ರಲ್ಲಿ; ನಮ್ಮ ರಾಜ್ಯ ತನ್ನದೇ ಜೈವಿಕ ತಂತ್ರಜ್ಞಾನ ನೀತಿಯನ್ನು 2001ರಲ್ಲಿ ಪ್ರಕಟಿಸಿತು. ಈ ಪ್ರಗತಿಗೆ ನಾನು ವಿರೋಧಿಯಲ್ಲ. ಜೀವವಿಜ್ಞಾನವನ್ನೇ ಬೋಧಿಸಿ ಅನ್ನ ಉಂಡವನು ನಾನು.

ನನ್ನ ತಕರಾರು ಬೇರೆ. ನಮ್ಮ ಸರ್ಕಾರಗಳ ಕಣ್ಣಿಗೆ ಜೀವವಿಜ್ಞಾನವೆಂದರೆ ಗಾಜಿನ ಕಟ್ಟಡ, ಹುದುಗು ತೊಟ್ಟಿ, ರಫ್ತಿನ ಲೆಕ್ಕ. ಆ ವಿಜ್ಞಾನಕ್ಕೆ ಬಂಡವಾಳವಾದ ಜೀವವೇ ಅಜ್ಜಂಪುರದ ಕಾವಲಿನಲ್ಲಿ ಮೇಯುತ್ತಿರುವುದು ಅವರಿಗೆ ಕಾಣುವುದಿಲ್ಲ.

ಅಮೃತಮಹಲ್ ತಳಿಯ ಚರಿತ್ರೆಯನ್ನು ತರಗತಿಯಲ್ಲಿ ಕೇಳಿದ್ದೀರಿ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎನಿಸಿತು. ಫಿರಂಗಿ, ಸಾಮಾನು ಎಳೆಯುವ ವೇಗದ ಎತ್ತುಗಳನ್ನು ಇಲ್ಲಿ ಶತಮಾನಗಳ ಕಾಲ ಆಯ್ದು ಬೆಳೆಸಿದರು. 1799ರ ನಂತರ ಆಂಗ್ಲರು ಇದನ್ನು ವಶಪಡಿಸಿಕೊಂಡರು. 1860ರಲ್ಲಿ ಮುಚ್ಚಿ, ಒಳ್ಳೆಯ ಎತ್ತು ಸಿಗದೆ ಪರದಾಡಿ, 1866ರಲ್ಲಿ ಮತ್ತೆ ತೆರೆದರು. ಕಳೆದುಕೊಂಡರೆ ಕೊಳ್ಳಲಾಗದು ಎಂಬ ಪಾಠವನ್ನು ಪರದೇಶಿಯೇ ಆರು ವರ್ಷದಲ್ಲಿ ಕಲಿತ. ನಾವಿನ್ನೂ ಕಲಿತಿಲ್ಲ.

ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಗೆ ದನಗಳು ಅಪರಿಚಿತವೇನಲ್ಲ. ಅದರ ಹೈದರಾಬಾದಿನ ಸಂಸ್ಥೆ ನಾಟಿ ತಳಿಗಳ ವಂಶವಾಹಿ ಗುರುತಿಸುವ 'ಇಂಡಿಗೌ' ಎಂಬ ಚಿಪ್ಪನ್ನು ರೂಪಿಸಿತು. 2021ರ ಆಗಸ್ಟ್‌ನಲ್ಲಿ ಅದರ ಬಿಡುಗಡೆಯೂ ಆಯಿತು. ಬಹಳ ಮೆಚ್ಚಬೇಕಾದ ಕೆಲಸ. ಆದರೆ ಪ್ರಕಟಣೆ ಹೆಸರಿಸಿದ್ದು ಗೀರ್, ಕಾಂಕ್ರೇಜ್, ಸಾಹಿವಾಲ್, ಓಂಗೋಲ್ ತಳಿಗಳನ್ನು. ನಮ್ಮದು 'ಮುಂತಾದವು' ಎಂಬ ಪದದೊಳಗೆ ಸೇರಿಹೋಯಿತು.

"ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಯಾರಿಗೆ ಬೇಕು? ಇವು ಹಾಲೂ ಹೆಚ್ಚು ಕೊಡುವುದಿಲ್ಲ" ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಹೋರಿಕರುಗಳ ಹರಾಜಿನ ದಿನ ದೂರದ ಜಿಲ್ಲೆಗಳಿಂದ ಬಂದು ಕೂಗುವ ರೈತರು ಹುಚ್ಚರಲ್ಲ. ಬ್ರೆಜಿಲ್ ದೇಶವನ್ನೂ ನೋಡಿ. ಇಲ್ಲಿಂದ ಹೋದ ಓಂಗೋಲ್ ರಾಸು ಅಲ್ಲಿ ನೆಲೋರ್ ಎಂಬ ಹೆಸರಿನಲ್ಲಿ ಆ ದೇಶದ ಮಾಂಸೋದ್ಯಮದ ಆಧಾರವಾಗಿದೆ. ಗೀರ್ ಹಸುವನ್ನು ಅವರು ಹಾಲಿಗಾಗಿ ತಿದ್ದಿ ಬೆಳೆಸಿದ್ದಾರೆ. ಅದರ ಬೆಲೆ ನಮಗೆ ತಿಳಿಯುವ ಮೊದಲೇ ಅವರಿಗೆ ತಿಳಿಯಿತು. ಬಿಸಿಲು, ಒಣ ಮೇವು, ದೂರದ ನಡಿಗೆಗಳನ್ನು ತಾಳುವ ಗುಣ ಬಿಸಿಯಾಗುತ್ತಿರುವ ಈ ಭೂಮಿಗೆ ಬೇಡವೆಂದು ಯಾರು ಹೇಳಬಲ್ಲರು? ಹವಾಮಾನದ ಹೊಡೆತ ತಾಳುವ ಕೃಷಿ ಬಯೋ-ಇ3ರ ಆರು ಕ್ಷೇತ್ರಗಳಲ್ಲಿ ಒಂದು. ನಾನು ಹೊಸದೇನನ್ನೂ ಕೇಳುತ್ತಿಲ್ಲ. ಅವರು ಬರೆದ ಮಾತನ್ನೇ ನೆನಪಿಸುತ್ತಿದ್ದೇನೆ.

"ವೀರ್ಯವನ್ನು ಹೆಪ್ಪುಗಟ್ಟಿಸಿ ಇಟ್ಟರೆ ಸಾಲದೇ?" ಎಂಬುದು ಇನ್ನೊಂದು ವಾದ. ಸಾಲದು. ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಇಟ್ಟದ್ದು ಕೆಡುವುದಿಲ್ಲ, ನಿಜ. ಆದರೆ ಅದು ಬದಲಾಗುವುದೂ ಇಲ್ಲ. ಬರ ಬಂದಾಗ ಬದುಕಿದ್ದು ಯಾವುದು, ಸತ್ತದ್ದು ಯಾವುದು ಎಂಬ ಪರೀಕ್ಷೆ ನಡೆಯುವುದು ಹುಲ್ಲುಗಾವಲಿನಲ್ಲಿ. ಬೇಸಗೆಗೊಂದು, ಮಳೆಗೊಂದು, ಚಳಿಗೊಂದು ಎಂದು ಹಿರಿಯರು ಕಾವಲುಗಳನ್ನು ಹಂಚಿದ್ದು ಸುಮ್ಮನೆ ಅಲ್ಲ. ಹಿಂಡು, ಹುಲ್ಲು, ಹಿಂಡಿನ ಹಿಂದೆ ನಡೆಯುವ ಮನುಷ್ಯ, ಇವು ಮೂರೂ ಸೇರಿದರೇ ತಳಿ. ಕಡೂರು ತಾಲ್ಲೂಕಿನ ಬಾಸೂರು ಕಾವಲಿಗೆ ಕೃಷ್ಣಮೃಗಗಳ ಸಲುವಾಗಿ 2011ರಲ್ಲಿ ಸಂರಕ್ಷಣೆ ದೊರೆಯಿತು. ಒಂದು ಕಾವಲು ಉಳಿಯಬಲ್ಲುದಾದರೆ ಉಳಿದವೂ ಉಳಿಯಬಲ್ಲವು.

ವಿಜ್ಞಾನವು ಕಾವಲಿಗೆ ಬರದೇ ಇಲ್ಲ. ಚಳ್ಳಕೆರೆಯ ಕಡೆ ಸಾವಿರಾರು ಎಕರೆ ಅಮೃತಮಹಲ್ ಕಾವಲು ಭಾರತೀಯ ವಿಜ್ಞಾನ ಸಂಸ್ಥೆ, ಡಿಆರ್‌ಡಿಓ, ಇಸ್ರೋ, ಬಾಬಾ ಪರಮಾಣು ಸಂಶೋಧನಾ ಕೇಂದ್ರಗಳ ಪಾಲಾಯಿತು. ಬಂದದ್ದು ನೆಲವನ್ನು ಕೇಳಿಕೊಂಡು. ನೆಲದ ಮೇಲಿದ್ದ ಜೀವವನ್ನು ಕೇಳಿಕೊಂಡಲ್ಲ.

ಇತರರನ್ನು ದೂರುವ ಮುನ್ನ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ವರ್ಷಗಟ್ಟಲೆ ನಿಮಗೆ ದಾಸವಾಳದ ಹೂವನ್ನು ಸೀಳಿ ತೋರಿಸಿದೆ, ಮೆಂಡಲನ ಬಟಾಣಿಯನ್ನು ಕಪ್ಪುಹಲಗೆಯ ಮೇಲೆ ಬಿಡಿಸಿದೆ. ಕಾವಲಿಗೆ ಕರೆದುಕೊಂಡು ಹೋದದ್ದು ಒಂದೇ ಬಾರಿ, ಅದೂ ವನಭೋಜನಕ್ಕೆ. ಅಂದು ಒಬ್ಬ ಹುಡುಗಿ ಹುಲ್ಲಿನ ಕಡ್ಡಿ ಕಿತ್ತು ತಂದು "ಸಾರ್, ಇದರ ಹೆಸರೇನು?" ಎಂದಳು. ನನಗೆ ಗೊತ್ತಿರಲಿಲ್ಲ. ದನ ಕಾಯುತ್ತಿದ್ದ ಮುದುಕ ಹೇಳಿದ. ಆ ಹೆಸರನ್ನು ಬರೆದುಕೊಳ್ಳಬೇಕೆಂದು ನನಗೆ ಹೊಳೆಯಲಿಲ್ಲ, ಇಂದು ಮರೆತಿದ್ದೇನೆ.

ಆದ್ದರಿಂದ ನನ್ನ ಬೇಡಿಕೆ ದೊಡ್ಡದಲ್ಲ. ಕಾವಲುಗಳ ಗಡಿಯನ್ನು ಅಳೆದು ಕಲ್ಲು ನೆಡಲಿ. ಹಿಂಡಿನ ಪ್ರತಿ ರಾಸಿನ ವಂಶವಾಹಿ ದಾಖಲೆಯನ್ನು ಅಜ್ಜಂಪುರದಲ್ಲಿಯೇ ಇಡಲಿ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದೊಡನೆ ಸೇರಿ ಇಲ್ಲೊಂದು ಕ್ಷೇತ್ರ ಸಂಶೋಧನಾಲಯ ಕಟ್ಟಲಿ. ಕಡೂರು, ತರೀಕೆರೆಗಳಲ್ಲಿ ಬಿ.ಎಸ್ಸಿ. ಮುಗಿಸಿ ಬೆಂಗಳೂರಿನ ಬಸ್ಸು ಹತ್ತುವ ಮಕ್ಕಳಿಗೆ ಅಲ್ಲಿ ಕೆಲಸ ಸಿಗಲಿ. ಉದ್ಯೋಗವೂ ಆ ಮೂರು 'ಇ'ಗಳಲ್ಲಿ ಒಂದಲ್ಲವೇ?

ದೂರವಾಣಿ ಮಾಡಿದ ಶಿಷ್ಯನೇ, ನೀನು ಇದನ್ನು ಓದುವೆಯೆಂದು ಬಲ್ಲೆ. ನಿಮ್ಮ ಕಂಪನಿಯ ಸಭೆಗಳಿಗೆ ನೀತಿ ಬರೆಯುವವರು ಬಂದಾಗ ಅಜ್ಜಂಪುರ ಎಂಬ ಹೆಸರನ್ನು ಒಮ್ಮೆಯಾದರೂ ಎತ್ತು. ಮುಂದಿನ ಬಾರಿ ಊರಿಗೆ ಬಂದಾಗ ಮಕ್ಕಳನ್ನೂ ಕರೆದು ತಾ. ಕಾವಲಿಗೆ ಹೋಗೋಣ. ಈ ಸಲ ಹುಲ್ಲಿನ ಹೆಸರು ಬರೆದುಕೊಳ್ಳಲು ನಾನು ಪುಸ್ತಕ ತರುತ್ತೇನೆ.