ಕಾಫಿ ಸಿಪ್ಪೆ, ಹೊಟ್ಟಿನ ಬಳಕೆ: ಸಣ್ಣ ಬೆಳೆಗಾರರು ಮತ್ತು ಕಾರ್ಮಿಕರ ಮನವಿ ಪತ್ರ

ಗೆ,
ಮಾನ್ಯ ಅಧ್ಯಕ್ಷರು,
ಕಾಫಿ ಮಂಡಳಿ,
ಡಾ. ಬಿ.ಆರ್. ಅಂಬೇಡ್ಕರ್ ವೀಧಿ, ಬೆಂಗಳೂರು.

ವಿಷಯ: ಕಾಫಿ ತೋಟದ ಉಳಿಕೆಯನ್ನು ಆಧರಿಸಿದ ಜೈವಿಕ ಉದ್ಯಮಗಳಲ್ಲಿ ಸಣ್ಣ ಬೆಳೆಗಾರರಿಗೆ ಹಾಗೂ ಕಾರ್ಮಿಕರಿಗೆ ಪಾಲು ನೀಡುವ ಬಗ್ಗೆ.

ಮಾನ್ಯರೇ,

ಕೇಂದ್ರ ಸಚಿವ ಸಂಪುಟವು 2024ರ ಆಗಸ್ಟ್‌ನಲ್ಲಿ ಬಯೋಇ3 ನೀತಿಗೆ ಒಪ್ಪಿಗೆ ನೀಡಿದೆ. ಇದರಿಂದ ಜೈವಿಕ ಸಂಪನ್ಮೂಲ ಆಧರಿಸಿದ ಉದ್ಯಮಗಳು ಬೆಳೆಯುವುದನ್ನು ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸ ತಾಲ್ಲೂಕುಗಳ ನಾವು ಮನಸಾರೆ ಸ್ವಾಗತಿಸುತ್ತೇವೆ. ಆದರೆ ಅದರ ಲಾಭ ಯಾರಿಗೆ ಎಂಬುದು ಈಗಲೇ ತೀರ್ಮಾನವಾಗಬೇಕು.

ಕಾಫಿ ಹಣ್ಣಿನ ತೂಕದಲ್ಲಿ ಸುಮಾರು ಶೇ. 40ರಷ್ಟು ಸಿಪ್ಪೆಯೇ. ಅರೇಬಿಕಾ ಕೊಯ್ಲಿನಲ್ಲಿ ಅದು ಪಲ್ಪರ್ ಮನೆಯ ಹಿಂದೆ ರಾಶಿ ಬಿದ್ದು, ಒಂದೆರಡು ದಿನಕ್ಕೇ ಹುಳಿ ವಾಸನೆ ಹೊಡೆದು ನೊಣ ಮುತ್ತುತ್ತದೆ. ಪಲ್ಪರ್ ನೀರು ಹೊಂಡ ತುಂಬಿ ಹೊರಗೆ ಹರಿದರೆ ಹಳ್ಳ ಕಪ್ಪಾಗುತ್ತದೆ. ಡಿಸೆಂಬರ್, ಜನವರಿ ಎಂದರೆ ಹಳ್ಳಗಳು ಸೊರಗುವ ಕಾಲ. ಆ ನೀರು ಕೊನೆಗೆ ಸೇರುವುದು ಭದ್ರೆಗೆ, ಹೇಮಾವತಿಗೆ. ಪಲ್ಪರ್ ನೀರಿನಿಂದ ಜೈವಿಕ ಅನಿಲ ತೆಗೆಯಬಹುದು. ದೊಡ್ಡ ಎಸ್ಟೇಟುಗಳು ಸ್ವಂತ ಘಟಕ ಕಟ್ಟಿಕೊಳ್ಳಬಲ್ಲವು, ಎರಡು ಮೂರು ಎಕರೆಯವರಿಗೆ ಅದು ಆಗದ ಮಾತು. ಆದ್ದರಿಂದ ಗ್ರಾಮ ಪಂಚಾಯಿತಿಗೊಂದು ಸಾಮೂಹಿಕ ಪಲ್ಪಿಂಗ್ ಕೇಂದ್ರವನ್ನೂ ಅದಕ್ಕೆ ಹೊಂದಿಕೊಂಡ ಅನಿಲ ಘಟಕವನ್ನೂ ಮಂಜೂರು ಮಾಡಬೇಕೆಂಬುದು ನಮ್ಮ ಮುಖ್ಯ ಬೇಡಿಕೆ.

ನಮಗೊಂದು ಆತಂಕವೂ ಇದೆ. ಸಿಪ್ಪೆಯಲ್ಲಿ ಪೊಟ್ಯಾಷ್ ಹೇರಳವಾಗಿದೆ. ಅದನ್ನೆಲ್ಲ ಲಾರಿಗೆ ತುಂಬಿ ಕಾರ್ಖಾನೆಗೆ ಕಳಿಸಿ, ಹೊರದೇಶದಿಂದ ಬರುವ ಪೊಟ್ಯಾಷ್ ಚೀಲಕ್ಕೆ ಮತ್ತೆ ದುಡ್ಡು ಸುರಿಯುವ ಗತಿ ನಮಗೆ ಬರಬಾರದು. ಸಿಪ್ಪೆಯ ಮೇಲೆ ಮೊದಲ ಹಕ್ಕು ತೋಟದ ಮಣ್ಣಿಗಿರಲಿ. ಅನಿಲ ಘಟಕದ ಬಗ್ಗಡ, ಹಣ್ಣು ಕೊಟ್ಟವರ ತೋಟಕ್ಕೇ ಮರಳಲಿ. ಚೆರ್ರಿಯಾಗಿ ಒಣಗಿಸಿ ಮಾರುವವರ ಹೊಟ್ಟು ಹಲವೆಡೆ ಹಲ್ಲಿಂಗ್ ಆದಲ್ಲೇ ಉಳಿಯುತ್ತದೆ, ಬೆಳೆಗಾರರಿಗೆ ಅದರ ಬೆಲೆ ಸಿಗುವುದಿಲ್ಲ. ರಸೀದಿಯಲ್ಲಿ ಹೊಟ್ಟಿನ ತೂಕ, ದರ ನಮೂದಾಗುವಂತೆ ನಿಯಮ ತರಬೇಕು.

ಒಣಗಿಸಿದ ಸಿಪ್ಪೆಯನ್ನು ಪಾನೀಯಕ್ಕೆ ಬಳಸಲು ಯುರೋಪ್ ಒಕ್ಕೂಟ 2022ರಲ್ಲೇ ಅನುಮತಿಸಿದೆ. ಕಣದಲ್ಲಿ ಹಣ್ಣು ಹರಡಿ, ಆರಿಸಿ, ಒಣಗಿಸುವ ಕೆಲಸ ಬಲ್ಲವರು ನಮ್ಮ ಹೆಣ್ಣುಮಕ್ಕಳು. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಿಂದ ಅವರ ಸಂಘಗಳಿಗೆ ತರಬೇತಿಯನ್ನೂ, ಕೀಟನಾಶಕ ಉಳಿಕೆಯ ಉಚಿತ ಪರೀಕ್ಷೆಯನ್ನೂ ಒದಗಿಸಬೇಕು. ಸಿಪ್ಪೆ ಒಣಗಿಸುವ ಈ ಕೆಲಸ ಕೂಲಿಯ ಜೊತೆಗೆ ಅವರದೇ ಸಂಪಾದನೆಯಾಗಬೇಕು.

ಯಾವುದೇ ಯೋಜನೆ ಅಂತಿಮಗೊಳಿಸುವ ಮುನ್ನ ಅದರ ಕರಡನ್ನು ಕನ್ನಡದಲ್ಲಿ ಪ್ರಕಟಿಸಿ, ಮೂಡಿಗೆರೆ ಮತ್ತು ಕಳಸದಲ್ಲೇ ಅಹವಾಲು ಸಭೆ ಕರೆಯಬೇಕು. ಬರುವ ಕೊಯ್ಲು ಶುರುವಾಗುವುದರೊಳಗೆ ಕನಿಷ್ಠ ಒಂದು ಸಾಮೂಹಿಕ ಕೇಂದ್ರಕ್ಕಾದರೂ ಜಾಗ ಗುರುತಿಸಿ ಆದೇಶ ಹೊರಡಿಸಬೇಕೆಂದು ವಿನಂತಿಸುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಸಣ್ಣ ಕಾಫಿ ಬೆಳೆಗಾರರು ಹಾಗೂ ತೋಟ ಕಾರ್ಮಿಕರು,
ಚಿಕ್ಕಮಗಳೂರು, ಮೂಡಿಗೆರೆ, ಕಳಸ.

ಪ್ರತಿ: ಜಿಲ್ಲಾಧಿಕಾರಿಗಳು, ಚಿಕ್ಕಮಗಳೂರು.