ಸಿನಿಮಾದ ಮಯೂರ, ಕಂಬದ ಮಯೂರ

ಬೇಸಿಗೆ ರಜೆಗೆ ಬಂದ ಮೊಮ್ಮಗನಿಗೆ ಈ ಸಲ ‘ಮಯೂರ’ ಸಿನಿಮಾ ತೋರಿಸಿದೆ. 1975ರಲ್ಲಿ ಅದು ಬಂದಾಗ ಟಿಕೆಟ್ಟಿನ ನೂಕುನುಗ್ಗಲಲ್ಲಿ ನನ್ನ ಅಂಗಿ ಹರಿದಿತ್ತು. ಈಗ ಮೊಬೈಲನ್ನು ಚೊಂಬಿಗೆ ಒರಗಿಸಿಟ್ಟು ನೋಡಿದೆವು. ರಾಜಕುಮಾರ್ ಕತ್ತಿ ಹಿರಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಜಿ.ಕೆ. ವೆಂಕಟೇಶ್ ಅವರ ಸಂಗೀತವಂತೂ ಒಂದಿಷ್ಟೂ ಮಾಸಿಲ್ಲ. ಹೊಡೆದಾಟ ಸ್ವಲ್ಪ ಉದ್ದವಾಯಿತು ಎಂದು ಮೊಮ್ಮಗ ತೀರ್ಪು ಕೊಟ್ಟ. (ಎರಡು ಕಡೆ ಅವನು ಮೆಲ್ಲಗೆ ಮುಂದೆ ಓಡಿಸಿದ್ದು ನನಗೆ ಗೊತ್ತಾಗಿದೆ.)

ಮರುದಿನ ಅವನನ್ನು ನಮ್ಮೂರು ತಾಳಗುಂದದ ಪ್ರಣವೇಶ್ವರ ದೇವಸ್ಥಾನದ ಎದುರಿನ ಕಂಬದ ಹತ್ತಿರ ಕರೆದುಕೊಂಡು ಹೋದೆ. ನಾವು ಈ ಕಂಬವನ್ನು ನೋಡುತ್ತಾ ಬೆಳೆದವರೇ ಹೊರತು ಓದಿದವರಲ್ಲ. ಅದರ ಮೇಲಿರುವುದು ಸಂಸ್ಕೃತ ಕಾವ್ಯ. ಸುಮಾರು 1,500 ವರ್ಷಗಳ ಹಿಂದೆ, ಕದಂಬರ ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿ ಬರೆದದ್ದು. ಅದರ ಅರ್ಥವನ್ನು ನಾನು ಪುಸ್ತಕದಲ್ಲಿ ಓದಿದ್ದು ನಿವೃತ್ತಿಯಾದ ಮೇಲೆ. ಓದಿ ಪೆಚ್ಚಾದೆ.

ಸಿನಿಮಾದಲ್ಲಿ ಬ್ರಾಹ್ಮಣರ ಹುಡುಗನಾಗಿ ಬೆಳೆದ ಮಯೂರನಿಗೆ ತಾನು ಕದಂಬರ ರಾಜಕುಮಾರನೆಂದು ಆಮೇಲೆ ತಿಳಿಯುತ್ತದೆ. ಕಂಬದಲ್ಲಿ ಅಂಥ ಕಳೆದುಹೋದ ರಾಜ್ಯವೇ ಇಲ್ಲ! ಮನೆಯ ಬಳಿ ಕದಂಬ ಮರವಿದ್ದ, ವೇದ ಓದುವವರ ಮನೆತನ ಅದು. ಮಯೂರಶರ್ಮ ಗುರು ವೀರಶರ್ಮನ ಜೊತೆ ಹೆಚ್ಚಿನ ಓದಿಗೆ ಕಂಚಿಯ ಘಟಿಕೆಗೆ ಹೋದ. ಈ ವೀರಶರ್ಮ ಅವನ ಅಜ್ಜನೇ ಎಂದು ಬನವಾಸಿ ಹತ್ತಿರದ ಗುಡ್ನಾಪುರದ ಶಾಸನ ಹೇಳುತ್ತದೆ. (ಅಜ್ಜಂದಿರು ಗಮನಿಸಬೇಕು!) ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಯಿತು. ದರ್ಭೆ ಹಿಡಿಯುತ್ತಿದ್ದ ಕೈ ಕತ್ತಿ ಹಿಡಿಯಿತು.

ಬ್ಯಾಂಕಿನಲ್ಲಿದ್ದಷ್ಟು ವರ್ಷವೂ ನಾನು ‘ನಮ್ಮದು ರಾಜಕುಮಾರನ ಊರು’ ಎಂದು ಜಂಬ ಕೊಚ್ಚಿದ್ದೆ. ದಿನಾ ಲೆಡ್ಜರ್ ತಾಳೆ ನೋಡುತ್ತಿದ್ದ ಗುಮಾಸ್ತ ಇದೊಂದನ್ನು ತಾಳೆ ನೋಡಿರಲಿಲ್ಲ.

“ಹಾಗಾದ್ರೆ ಸಿನಿಮಾ ಸುಳ್ಳಾ ಅಜ್ಜ?” ಹುಡುಗನ ಮುಖ ಸಣ್ಣದಾಯಿತು.

“ಸುಳ್ಳಲ್ಲ ಮಾರಾಯ. ಅದು ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿ ನೋಡಿ ಮಾಡಿದ್ದು. ಕಥೆ ಕಟ್ಟುವವರು ಕಟ್ಟುತ್ತಾರೆ” ಎಂದೆ. ಆದರೂ ನನಗೆ ಕಂಬದ ಹುಡುಗನೇ ಹೆಚ್ಚು ಇಷ್ಟ. ರಾಜನ ಮಗ ರಾಜನಾದರೆ ಅದರಲ್ಲೇನು ಹೆಚ್ಚುಗಾರಿಕೆ?

ಮೊಮ್ಮಗ ಕಂಬವನ್ನು ಒಂದು ಸುತ್ತು ಹಾಕಿ ಬಂದ. “ಶಾಂತಿವರ್ಮ ಮಯೂರನ ವಂಶದವನೇ ಅಲ್ವಾ? ಹಾಗಾದ್ರೆ ಈ ಕವಿಯೂ ರಾಜನ ಕಡೆಯವನು. ಅವನೂ ಸ್ವಲ್ಪ ಸೇರಿಸಿರಬಹುದಲ್ಲ?”

ಎಪ್ಪತ್ತು ದಾಟಿದರೂ ನನಗೆ ಹೊಳೆಯದಿದ್ದ ಪ್ರಶ್ನೆ! ಉತ್ತರ ಕೊಡಲಾಗದೆ ಶಿರಾಳಕೊಪ್ಪಕ್ಕೆ ಹೋಗಿ ಐಸ್‌ಕ್ರೀಮ್ ಕೊಡಿಸಿದೆ.

ದೇವುಡು ಅವರ ಕಾದಂಬರಿಯನ್ನು ಈಗ ತರಿಸಿದ್ದೇನೆ. ಅಕ್ಷರ ಸಣ್ಣದು, ನನ್ನ ಕಣ್ಣಿಗೆ ಆಗದು. ಅವನು ಓದುತ್ತಾನೆ, ಕಷ್ಟದ ಮಾತು ಬಂದರೆ ನಾನು ಬಿಡಿಸಿ ಹೇಳುತ್ತೇನೆ. ರಜೆ ಮುಗಿಯಲು ಇನ್ನು ಹನ್ನೊಂದು ದಿನ ಇದೆ.