ಗುಲಗಂಜಿಯ ವೇಷ

ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ರಾಮನಗರ, ಅರಗಿನ ಬೊಂಬೆಗಳಿಗೆ ಹೆಸರಾದ ಚನ್ನಪಟ್ಟಣ, ಅವುಗಳ ನೆರೆಯ ಕನಕಪುರ ಮತ್ತು ಮಾಗಡಿ. ಈ ನಾಲ್ಕು ಊರುಗಳ ಸೀಮೆಯಲ್ಲಿ ರಾಗಿಯ ಹೊಲದ ಮಗ್ಗುಲಿಗೆ ಹಿಪ್ಪುನೇರಳೆ, ಹಿಪ್ಪುನೇರಳೆಯ ಮಗ್ಗುಲಿಗೆ ಬದನೆಯ ಮಡಿ ಕಾಣಬರುವುದು ಅಪರೂಪವಲ್ಲ. ಆ ಬದನೆಯ ಎಲೆಯ ಮೇಲೆ ಅರ್ಧ ಬಟಾಣಿಯಂತೆ ಉಬ್ಬಿದ ಬೆನ್ನಿನ, ಕೆಂಗಂದು ಬಣ್ಣದ, ಕರಿಯ ಚುಕ್ಕೆಗಳ ಪುಟ್ಟ ದುಂಬಿಯೊಂದು ಕುಳಿತಿರುತ್ತದೆ. ಮಕ್ಕಳಿಗೆ ಅದು ಆಟದ ವಸ್ತು. ಶಾಲೆಯ ಪುಸ್ತಕ ಓದಿದವರಿಗೆ ರೈತನ ಮಿತ್ರ. ಬದನೆಯ ಪಾಲಿಗೆ ಮಾತ್ರ ಅದು ಮೃತ್ಯು.

ಕನ್ನಡಿಗರು ಈ ಬಳಗದ ದುಂಬಿಗಳನ್ನು ಗುಲಗಂಜಿ ಹುಳು ಎಂದು ಕರೆದರು. ಕೆಂಪಿನ ಮೇಲೆ ಕಪ್ಪಿಟ್ಟ ಗುಲಗಂಜಿ ಅಕ್ಕಸಾಲಿಗನ ತಕ್ಕಡಿಯಲ್ಲಿ ಚಿನ್ನವನ್ನು ತೂಗಿದ ಬೀಜ. ನೋಟಕ್ಕೆ ಎಷ್ಟು ಚೆಲುವೋ ಒಳಗೆ ಅಷ್ಟೇ ವಿಷ. ಹೆಸರಿಟ್ಟವರು ಬಣ್ಣವನ್ನಷ್ಟೇ ನೋಡಿದ್ದಿರಬಹುದು. ಆದರೆ ಒಂದು ಪಂಗಡಕ್ಕೆ ಆ ಹೆಸರು ಎರಡೂ ಬಗೆಯಲ್ಲಿ ಒಪ್ಪುತ್ತದೆ. ಜಗತ್ತಿನಲ್ಲಿ ಈವರೆಗೆ ಗುರುತಿಸಿರುವ ಸುಮಾರು 6,000 ಬಗೆಯ ಗುಲಗಂಜಿ ಹುಳುಗಳಲ್ಲಿ ಬಹುಪಾಲು ಸಸ್ಯಹೇನು, ಹಿಟ್ಟುತಿಗಣೆ ಮೊದಲಾದವುಗಳನ್ನು ತಿಂದು ಬದುಕುತ್ತವೆ. ಆ ಬಳಗದಲ್ಲೇ ಹುಟ್ಟಿ, ಮಾಂಸವನ್ನು ತೊರೆದು ಎಲೆಯನ್ನೇ ಆಹಾರವಾಗಿ ಮಾಡಿಕೊಂಡ ಪಂಗಡ ಎಪಿಲ್ಯಾಕ್ನಾ. ಸಸ್ಯಾಹಾರವು ಸಾಧುತ್ವದ ಲಕ್ಷಣವೆಂಬ ನಂಬಿಕೆ ಇಲ್ಲಿ ಮಾತ್ರ ತಲೆಕೆಳಗಾಗಿದೆ.

ಇವೆರಡನ್ನೂ ಬೇರ್ಪಡಿಸಿ ಗುರುತಿಸುವುದು ಹೇಗೆ? ಮೊದಲ ಲಕ್ಷಣ ಹೊಳಪು. ಹೇನು ತಿನ್ನುವ ಸಾಮಾನ್ಯ ಗುಲಗಂಜಿ ಹುಳುವಿನ ಬೆನ್ನು ಅರಗು ಹಚ್ಚಿ ಉಜ್ಜಿದ ಚನ್ನಪಟ್ಟಣದ ಬೊಂಬೆಯಂತೆ ಮಿರುಗುತ್ತದೆ. ಬದನೆಯ ದುಂಬಿಯ ಬೆನ್ನು ಮಂಕು. ಭೂತಗನ್ನಡಿಯಲ್ಲಿ ನೋಡಿದರೆ ಅದರ ಮೇಲೆಲ್ಲ ನವಿರಾದ ಗಿಡ್ಡ ರೋಮಗಳು ಹಬ್ಬಿರುವುದು ಕಾಣುತ್ತದೆ. ಎರಡನೆಯ ಲಕ್ಷಣ ದವಡೆ. ಬೇಟೆಗಾರ ಹುಳುವಿನ ದವಡೆ ಇರಿಯಲು ತಕ್ಕಂತೆ ಚೂಪು. ಎಲೆ ತಿನ್ನುವುದರ ದವಡೆ ಕೆರೆಯಲು ತಕ್ಕಂತೆ ಹಲವು ಹಲ್ಲುಗಳದು. ಮೂರನೆಯದಕ್ಕೆ ಕನ್ನಡಿಯೂ ಬೇಡ. ಎಲೆಯಲ್ಲಿ ಹಸಿರು ತಿರುಳು ಹೋಗಿ, ನರಗಳು ಮತ್ತು ತೆಳುವಾದ ಪೊರೆ ಮಾತ್ರ ಜಾಲರಿಯಂತೆ ಉಳಿದಿದ್ದರೆ, ಅಪರಾಧಿ ಹತ್ತಿರದಲ್ಲೇ ಇದ್ದಾನೆ.

ಎಲೆಯನ್ನು ತಿರುವಿದರೆ ಇಡೀ ಸಂಸಾರ ಅಲ್ಲಿರುತ್ತದೆ. ಹಳದಿ ಬಣ್ಣದ ನೀಳ ಮೊಟ್ಟೆಗಳು ಗುಂಪಾಗಿ, ನೆಟ್ಟಗೆ ನಿಲ್ಲಿಸಿದಂತೆ ಅಂಟಿಕೊಂಡಿರುತ್ತವೆ. ಕೆಲವೇ ದಿನಗಳಲ್ಲಿ ಅವು ಒಡೆದು, ಮೈತುಂಬ ಕವಲೊಡೆದ ಮುಳ್ಳುಗಳುಳ್ಳ ಹಳದಿ ಮರಿಹುಳುಗಳು ಹೊರಬರುತ್ತವೆ. ಇವುಗಳ ಹಸಿವೂ ಕಡಿಮೆಯದಲ್ಲ. ಬಳಿಕ ಅವು ಎಲೆಗೇ ಅಂಟಿಕೊಂಡು ಕೋಶಾವಸ್ಥೆಗೆ ಸೇರಿ ದುಂಬಿಯಾಗುತ್ತವೆ. ಬೆಚ್ಚಗಿನ ದಿನಗಳಲ್ಲಿ ಈ ಚಕ್ರ ತಿಂಗಳೊಳಗೇ ಮುಗಿಯುತ್ತದೆ. ಬದನೆ ಸಿಗದಾಗ ಆಲೂಗೆಡ್ಡೆ, ಟೊಮ್ಯಾಟೊ, ಬೇಲಿಯ ಗಣಿಕೆ, ದತ್ತೂರಿಗಳೂ ಇವಕ್ಕೆ ಆಗುತ್ತವೆ. ಮುಟ್ಟಿದರೆ ದುಂಬಿ ಕಾಲ ಸಂದಿನಿಂದ ಹಳದಿ ದ್ರವವನ್ನು ಒಸರಿಸಿ, ಸತ್ತಂತೆ ಕೆಳಗೆ ಬೀಳುತ್ತದೆ.

ಇದಕ್ಕೆ ಶಾಸ್ತ್ರೀಯ ನಾಮಕರಣವಾದದ್ದು 1775ರಲ್ಲಿ. ಲಿನ್ನೇಯಸನ ಶಿಷ್ಯನಾದ ಫ್ಯಾಬ್ರಿಸಿಯಸ್ ಎಂಬ ಡೆನ್ಮಾರ್ಕಿನ ವಿದ್ವಾಂಸನು ಚುಕ್ಕೆಗಳನ್ನು ಎಣಿಸಿ, ಇಪ್ಪತ್ತೆಂಟು ಚುಕ್ಕೆಯದು ಎಂಬರ್ಥದ ಲ್ಯಾಟಿನ್ ಹೆಸರನ್ನು ಕೊಟ್ಟನು. ಈಗಿನ ಪೂರ್ಣ ಹೆಸರು ಹೆನೋಸೆಪಿಲ್ಯಾಕ್ನಾ ವಿಜಿಂಟಿಯೊಕ್ಟೊಪಂಕ್ಟೇಟ. ಬಾಯಿತುಂಬುವ ಈ ಹೆಸರಿನ ಲೆಕ್ಕವನ್ನು ಹುಳು ಒಪ್ಪಿಕೊಂಡಂತಿಲ್ಲ. ಕೆಲವಕ್ಕೆ ಇಪ್ಪತ್ತೆಂಟು, ಕೆಲವಕ್ಕೆ ಹನ್ನೆರಡೇ. ಕೆಲವದರಲ್ಲಿ ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡಿರುವುದೂ ಉಂಟು. ಆದ್ದರಿಂದ ಬಲ್ಲವರು ಚುಕ್ಕೆಯನ್ನು ನೆಚ್ಚದೆ, ಗಂಡು ಹುಳುವಿನ ಜನನಾಂಗದ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಪ್ರಭೇದವನ್ನು ನಿರ್ಣಯಿಸುತ್ತಾರೆ. ಏಷ್ಯದ ಈ ಪಂಗಡದ ಮೇಲೆ 1947ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದ ಡೀಕೆ ಎಂಬಾತ ವೃತ್ತಿಯಿಂದ ಭೌತವಿಜ್ಞಾನಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಬೆಳಕಿನ ರೋಹಿತವನ್ನು ಅಭ್ಯಸಿಸುತ್ತಿದ್ದವನು. ಹವ್ಯಾಸವೂ ತಪಸ್ಸಾಗಬಲ್ಲದು ಎಂಬುದಕ್ಕೆ ಇದೊಂದು ನಿದರ್ಶನ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಗೆ ಪಕ್ಕದ ಹಿಪ್ಪುನೇರಳೆಯಲ್ಲಿ ಮತ್ತೊಂದು ಅರ್ಥವಿದೆ. ಅಲ್ಲಿ ಹಿಟ್ಟುತಿಗಣೆ ಕುಡಿಯ ರಸ ಹೀರಿ ಎಲೆಗಳನ್ನು ಮುರುಟಿಸುತ್ತದೆ, ಇದೇ ತುಕ್ರಾ. ಆ ತಿಗಣೆಗಳ ನಡುವೆ ಮೈಮೇಲೆಲ್ಲ ಬಿಳಿ ಮೇಣದ ಎಳೆ ಹೊತ್ತ ಹುಳುವೊಂದು ತೆವಳುತ್ತಿದ್ದರೆ, ಅದನ್ನೂ ತಿಗಣೆಯೆಂದೇ ಹೊಸಕುವವರಿದ್ದಾರೆ. ವಾಸ್ತವವಾಗಿ ಅದು ತಿಗಣೆಯನ್ನು ತಿನ್ನಲು ಬಂದ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿಯಾಗಿರಬಹುದು. ಆಸ್ಟ್ರೇಲಿಯ ಮೂಲದ ಈ ದುಂಬಿಯನ್ನು 1898ರಲ್ಲಿ ಕಾಫಿಯ ಶಲ್ಕಕೀಟವನ್ನು ಅಡಗಿಸಲೆಂದು ದಕ್ಷಿಣ ಭಾರತಕ್ಕೆ ತಂದರು. ಹೀಗೆ ಒಂದು ಹೊಲದಲ್ಲಿ ವೈರಿ ಮಿತ್ರನ ವೇಷದಲ್ಲಿ, ಪಕ್ಕದ ಹೊಲದಲ್ಲಿ ಮಿತ್ರ ವೈರಿಯ ವೇಷದಲ್ಲಿ!

ಈ ವೇಷಾಂತರ ಬರಿಯ ವಿನೋದದ ಸಂಗತಿಯಲ್ಲ. ಬದನೆಯನ್ನು ಉಳಿಸಿಕೊಳ್ಳುವ ಆತುರದಲ್ಲಿ ಹೊಡೆದ ಕೀಟನಾಶಕವು ಗಾಳಿಯಲ್ಲಿ ತೇಲಿ ಹಿಪ್ಪುನೇರಳೆಯ ಎಲೆಯ ಮೇಲೆ ಕುಳಿತರೆ, ಆ ಸೊಪ್ಪನ್ನು ತಿಂದ ರೇಷ್ಮೆಹುಳು ಗೂಡು ಕಟ್ಟುವ ಮುನ್ನವೇ ಸಾಯುತ್ತದೆ. ಹಗಲಿರುಳು ಹುಳು ಸಾಕಿದ ಮನೆಯವರಿಗೆ ಆ ಬೆಳೆಯೇ ಮಕ್ಕಳ ಶುಲ್ಕ, ಮದುವೆಯ ಸೀರೆ, ಸಾಲದ ಕಂತು. ನಾಲ್ಕು ಬದನೆಯನ್ನು ಉಳಿಸಲು ಹೋಗಿ ನಲವತ್ತು ತಟ್ಟೆ ಹುಳುವನ್ನು ಕಳೆದುಕೊಳ್ಳುವುದು ಯಾವ ಲೆಕ್ಕ?

ಪ್ರಕೃತಿಯಲ್ಲಿ ಬೇರೊಂದು ಉಪಾಯವೂ ಇದೆ. ಪೀಡಿಯೊಬಿಯಸ್ ಎಂಬ ಅತಿ ಸಣ್ಣ ಕಣಜವು ಬದನೆಯ ದುಂಬಿಯ ಮರಿಯೊಳಗೆ ಮೊಟ್ಟೆ ಇಡುತ್ತದೆ. ಮರಿ ಕಂದಾಗಿ ಒಣಗಿ, ಅದರೊಳಗಿಂದ ದುಂಬಿಯ ಬದಲು ಹಲವು ಕಣಜಗಳು ಹೊರಡುತ್ತವೆ. ಅಮೆರಿಕದ ಹುರುಳಿಕಾಯಿ ಬೆಳೆಗೆ ಇದೇ ಪಂಗಡದ ದುಂಬಿ ಕಾಟ ಕೊಡುತ್ತಿದ್ದಾಗ, ಆ ದೇಶದವರು 1966ರಲ್ಲಿ ಈ ಕಣಜವನ್ನು ಭಾರತದಿಂದಲೇ ತರಿಸಿಕೊಂಡರು. ಇಲ್ಲಿಯ ಹಿತ್ತಲಿನಲ್ಲಿ ಅದು ಕೂಲಿ ಕೇಳದೆ ದುಡಿಯುತ್ತಿದೆ.

ಮಹಡಿಯ ಕುಂಡದಲ್ಲಿ ಎಣ್ಣೆಗಾಯಿಯ ಆಸೆಗೆ ಎರಡು ಬದನೆಗಿಡ ನೆಟ್ಟ ಗೃಹಿಣಿಯೂ ಈ ವಿದ್ಯೆಯನ್ನು ಬಳಸಬಹುದು. ಎರಡು ದಿನಕ್ಕೊಮ್ಮೆ ಬೆಳಗಿನ ಹೊತ್ತು ಎಲೆಯ ಅಡಿಯನ್ನು ನೋಡಿ, ಹಳದಿ ಮೊಟ್ಟೆಯ ಗುಂಪನ್ನೂ ಮುಳ್ಳಿನ ಮರಿಯನ್ನೂ ಕಿತ್ತು ಸೋಪಿನ ನೀರಿಗೆ ಹಾಕಿದರೆ ಸಾಕು. ಕಂದಾಗಿ ಒಣಗಿದ ಮರಿಯನ್ನು ಮಾತ್ರ ಮುಟ್ಟದೆ ಎಲೆಯ ಮೇಲೇ ಬಿಡಬೇಕು. ಅದರೊಳಗೆ ಕಾವಲುಗಾರರು ಬೆಳೆಯುತ್ತಿರುತ್ತಾರೆ.